ಹೋಗಲು ಕಷ್ಟವಿರುವವರಿಂದಲೇ ಶುರು ಮಾಡಿ: ವೃತ್ತಿಶಿಕ್ಷಣದ ಅವಕಾಶವಂಚಿತ ವಿದ್ಯಾರ್ಥಿಗಳನ್ನು ವಿದೇಶಿ ವಿನಿಮಯಕ್ಕೆ ಕಳುಹಿಸುವ ಸಮಗ್ರ ಮಾರ್ಗದರ್ಶಿ

ವೃತ್ತಿಶಿಕ್ಷಣ ಶಾಲೆಯೊಂದರ ಸೂಚನಾಫಲಕದ ಮೇಲೆ ಒಂದು ಹಾಳೆ ಅಂಟಿಸಿರುತ್ತಾರೆ: ‘ಮೂರು ವಾರ ವಿದೇಶದಲ್ಲಿ ತರಬೇತಿ. ಆಸಕ್ತರು ಶುಕ್ರವಾರದೊಳಗೆ ಅರ್ಜಿ ಸಲ್ಲಿಸಬೇಕು.’ ಅರ್ಜಿ ಬರುವುದು ಯಾರಿಂದ ಎಂಬುದು ಹಾಳೆ ಅಂಟಿಸಿದ ದಿನವೇ ಗೊತ್ತಿರುತ್ತದೆ. ಒಮ್ಮೆಯಾದರೂ ವಿಮಾನ ಹತ್ತಿದವರು, ಪಾಸ್‌ಪೋರ್ಟ್ ಇರುವವರು, ಅರ್ಜಿ ತುಂಬಲು ಮನೆಯಲ್ಲಿ ಕೂತು ನೆರವಾಗುವವರಿರುವವರು. ಸಂಜೆ ಪಾಳಿಯಲ್ಲಿ ದುಡಿದು ಮನೆಗೆ ಹಣ ಕೊಡುವ ಹುಡುಗ, ಮಗುವಿರುವ ತಾಯಿ, ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗಿ, ನಿರಾಶ್ರಿತನಾಗಿ ಬಂದು ಎರಡು ವರ್ಷವಾದ ತರುಣ ಆ ಹಾಳೆಯ ಮುಂದೆ ಹಾದು ಹೋಗುತ್ತಾರೆ. ಆಮೇಲೆ ಆಯ್ಕೆ ಸಮಿತಿ ‘ಅವರಿಗೆ ಆಸಕ್ತಿ ಇರಲಿಲ್ಲ’ ಎಂದು ಷರಾ ಬರೆಯುತ್ತದೆ.

ಆಸಕ್ತಿ ಇಲ್ಲದ್ದಲ್ಲ, ಕೆಲಸ ನಡೆದ ಕ್ರಮ ತಪ್ಪಿದ್ದು. ಸಾಮಾನ್ಯವಾಗಿ ಮೊದಲು ವಿದೇಶದ ಸಂಸ್ಥೆಯನ್ನು ಹುಡುಕುತ್ತಾರೆ, ದಿನಾಂಕ ಗೊತ್ತು ಮಾಡುತ್ತಾರೆ, ಸ್ಥಾನ ಎಷ್ಟೆಂದು ಎಣಿಸುತ್ತಾರೆ, ಕೊನೆಗೆ ಆ ಚೌಕಟ್ಟಿಗೆ ಹೊಂದುವ ವಿದ್ಯಾರ್ಥಿಗಳನ್ನು ಹುಡುಕುತ್ತಾರೆ. ಈ ಮಾರ್ಗದರ್ಶಿ ಆ ಕ್ರಮವನ್ನು ತಿರುಗಿಸುತ್ತದೆ. ಹೋಗಲು ಅತಿ ಹೆಚ್ಚು ಕಷ್ಟವಿರುವ ಇಬ್ಬರು ಮೂವರನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಅವಧಿ, ಸ್ಥಳ, ಹಣ, ಜೊತೆಗಾರರು ಎಲ್ಲವನ್ನೂ ಅವರ ಸುತ್ತ ಕಟ್ಟಿ. ಅವರು ಹೋಗಬಲ್ಲ ಯೋಜನೆಯಲ್ಲಿ ಉಳಿದವರು ಸಲೀಸಾಗಿ ಹೋಗುತ್ತಾರೆ. ಉಳಿದವರಿಗಾಗಿ ಕಟ್ಟಿದ ಯೋಜನೆಯಲ್ಲಿ ಇವರು ಹೋಗಲಾರರು.

ಇಲ್ಲಿನ ನಿಯಮಗಳು ಎರಾಸ್ಮಸ್ ಪ್ಲಸ್‌ನವು; ವಿದೇಶದಲ್ಲಿ ಕಲಿಯಲು, ತರಬೇತಿ ಪಡೆಯಲು ಐರೋಪ್ಯ ಒಕ್ಕೂಟ ಹಣ ಕೊಡುವ ಕಾರ್ಯಕ್ರಮ ಅದು. ಈ ಬಗೆಯ ವಿನಿಮಯ ಅತಿ ವ್ಯವಸ್ಥಿತವಾಗಿ ಬೆಳೆದಿರುವುದು ಅಲ್ಲಿ. ಬೇರೆ ನಿಧಿಯಿಂದ ಕಳುಹಿಸುವವರಿಗೆ ಅಂಕಿಗಳು ಬೇರೆಯಾಗಬಹುದು, ಎದುರಾಗುವ ತೊಡಕುಗಳು ಇವೇ.

ಹಿನ್ನೆಲೆ, ಚುಟುಕಾಗಿ

ಎರಾಸ್ಮಸ್ 1987ರಲ್ಲಿ ಶುರುವಾದಾಗ ಅದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳದ್ದು. ವೃತ್ತಿಶಿಕ್ಷಣದವರಿಗೆ 1990ರ ದಶಕದ ನಡುವೆ ಲಿಯೊನಾರ್ಡೊ ಡಾ ವಿಂಚಿ ಎಂಬ ಪ್ರತ್ಯೇಕ ಕಾರ್ಯಕ್ರಮ ಬಂತು. 2014ರಲ್ಲಿ ಎಲ್ಲವೂ ಎರಾಸ್ಮಸ್ ಪ್ಲಸ್ ಹೆಸರಿನಡಿ ಒಂದಾದವು. 2021ರಿಂದ 2027ರ ಅವಧಿಯಲ್ಲಿ ‘ಕಡಿಮೆ ಅವಕಾಶಗಳಿರುವವರು’ ಎಂಬ ಮಾತು ನಿಯಮಗಳ ನಡುಮನೆಗೇ ಬಂದಿದೆ. 2024ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ಮಂಡಳಿ ಒಪ್ಪಿದ ಶಿಫಾರಸಿನಲ್ಲಿ ಎರಡು ಗುರಿಗಳು ನಮಗೆ ಸಂಬಂಧಿಸಿದವು: 2030ರ ಹೊತ್ತಿಗೆ ವೃತ್ತಿಶಿಕ್ಷಣದ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ 12ರಷ್ಟು ಮಂದಿ ವಿದೇಶದಲ್ಲಿ ಕಲಿತಿರಬೇಕು, 2027ರ ಹೊತ್ತಿಗೆ ಹಾಗೆ ಹೋಗುವ ಎಲ್ಲ ಕಲಿಯುವವರಲ್ಲಿ ಶೇ 20ರಷ್ಟು ಮಂದಿ ಕಡಿಮೆ ಅವಕಾಶಗಳಿರುವವರಾಗಿರಬೇಕು. ಈ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. ‘ಇಷ್ಟೆಲ್ಲ ತೊಂದರೆ ಏಕೆ ತೆಗೆದುಕೊಳ್ಳಬೇಕು?’ ಎಂದು ಪ್ರಾಂಶುಪಾಲರು ಕೇಳುವ ದಿನ ಬಂದೇ ಬರುತ್ತದೆ.

ಮೊದಲ ಹೆಜ್ಜೆ: ತಡೆ ಎಲ್ಲಿದೆ ಎಂದು ಗುರುತಿಸಿ

ಎರಾಸ್ಮಸ್ ಪ್ಲಸ್ ಎಂಟು ಬಗೆಯ ತಡೆಗಳನ್ನು ಪಟ್ಟಿ ಮಾಡುತ್ತದೆ: ಅಂಗವೈಕಲ್ಯ, ಆರೋಗ್ಯ ಸಮಸ್ಯೆ, ಶಿಕ್ಷಣ ವ್ಯವಸ್ಥೆಯೇ ಒಡ್ಡುವ ಅಡ್ಡಿ, ಸಾಂಸ್ಕೃತಿಕ ಭಿನ್ನತೆ, ಸಾಮಾಜಿಕ ತಡೆ, ಆರ್ಥಿಕ ತಡೆ, ತಾರತಮ್ಯ, ದೂರದ ಪ್ರದೇಶದಲ್ಲಿ ವಾಸ. ಪಟ್ಟಿ ಚೆನ್ನಾಗಿದೆ, ಆದರೆ ಅದನ್ನೇ ನಮೂನೆ ಮಾಡಿ ವಿದ್ಯಾರ್ಥಿಗಳ ಕೈಗೆ ಕೊಟ್ಟು ‘ನಿಮಗೆ ಅನ್ವಯಿಸುವುದಕ್ಕೆ ಗುರುತು ಹಾಕಿ’ ಎನ್ನುವವರನ್ನು ಕಂಡಿದ್ದೇನೆ. ಹದಿನೇಳು ವರ್ಷದ ಹುಡುಗನೊಬ್ಬ ತರಗತಿಯವರ ಎದುರಿಗೆ ‘ಆರ್ಥಿಕ ತಡೆ’ ಎಂಬ ಚೌಕಕ್ಕೆ ಗುರುತು ಹಾಕುತ್ತಾನೆಯೇ?

ವರ್ಕ್‌ಶಾಪ್ ಬೋಧಕರನ್ನು ಕೇಳಿ. ಯಾರು ಊಟದ ವೇಳೆ ಹೊರಗೆ ನಿಲ್ಲುತ್ತಾರೆ, ಯಾರು ಸುರಕ್ಷತಾ ಬೂಟು ಹರಿದರೂ ಹೊಸದು ಕೊಳ್ಳುವುದಿಲ್ಲ, ಯಾರು ಶುಕ್ರವಾರ ಮಧ್ಯಾಹ್ನ ಯಾವಾಗಲೂ ಬೇಗ ಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಶಾಲೆಯ ಸಮಾಜ ಕಾರ್ಯಕರ್ತರಿಗೆ ಇನ್ನಷ್ಟು ಗೊತ್ತಿರುತ್ತದೆ. ಆಮೇಲೆ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕರೆದು ಒಂದೇ ಪ್ರಶ್ನೆ ಕೇಳಿ: ‘ನೀನು ಮೂರು ವಾರ ಇಲ್ಲಿರುವುದಿಲ್ಲ ಎಂದರೆ ಏನು ನಿಲ್ಲುತ್ತದೆ?’ ಉತ್ತರದಲ್ಲಿ ತಡೆಯ ನಿಜವಾದ ಹೆಸರು ಇರುತ್ತದೆ. ತಮ್ಮನನ್ನು ಶಾಲೆಗೆ ಬಿಡುವವರಿಲ್ಲ. ಅಂಗಡಿಯ ಕೆಲಸ ಕೈತಪ್ಪುತ್ತದೆ. ರಾತ್ರಿ ಬೆಳಕಿಲ್ಲದೆ ನಿದ್ದೆ ಬರುವುದಿಲ್ಲ.

ಹೇಳಿದ್ದನ್ನೆಲ್ಲ ಕಡತದಲ್ಲಿ ಬರೆಯಬೇಡಿ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ ತಿಂಗಳಿನಿಂದ ಅನ್ವಯವಾಗುತ್ತಿರುವ ದತ್ತಾಂಶ ರಕ್ಷಣಾ ಕಾಯ್ದೆಯಡಿ ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಇದೆ. ‘ರಾತ್ರಿ ಒಬ್ಬರೇ ಇರುವ ಕೋಣೆ ಬೇಕು’ ಎಂದು ಬರೆದರೆ ಸಾಕು, ಏಕೆ ಎಂಬುದು ಆತಿಥೇಯರಿಗೆ ಬೇಕಿಲ್ಲ.

ಎರಡನೆಯ ಹೆಜ್ಜೆ: ಆಯ್ಕೆಯ ಮಾನದಂಡ ಬದಲಿಸಿ

ಅಂಕ, ಹಾಜರಾತಿ, ಇಂಗ್ಲಿಷ್ ಸಂದರ್ಶನ. ಈ ಮೂರನ್ನು ಇಟ್ಟುಕೊಂಡು ಎಲ್ಲರಿಗೂ ಬಾಗಿಲು ತೆರೆದಿದೆ ಎಂದರೆ ಅದು ಬರೀ ಬಾಯಿಮಾತು. ಹಾಜರಾತಿ ಕಡಿಮೆಯಾಗಲು ಕಾರಣವಾದ ಕಷ್ಟವೇ ವಿನಿಮಯಕ್ಕೆ ಅರ್ಹತೆ ಕೊಡಬೇಕಾದ ಕಷ್ಟವೂ ಹೌದು. ಇದನ್ನು ಸಮಿತಿಗೆ ಒಪ್ಪಿಸುವುದು ಸುಲಭವಲ್ಲ. ‘ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಧಾಟಿಯ ಮಾತು ಸಹೋದ್ಯೋಗಿಗಳಿಂದಲೇ ಬರುತ್ತದೆ: ಇಲ್ಲಿಯ ಪಾಠವೇ ತಲೆಗೆ ಹತ್ತದವನಿಗೆ ವಿದೇಶ ಏಕೆ? ಅವರೊಡನೆ ವಾದಕ್ಕಿಳಿಯುವ ಬದಲು ಮೂರು ಬೇರೆ ಪ್ರಶ್ನೆಗಳನ್ನು ಮಾನದಂಡವಾಗಿ ಬರೆದು ಮೇಜಿನ ಮೇಲಿಡಿ. ಈ ಅವಕಾಶ ಬೇರೆ ದಾರಿಯಿಂದ ಈ ವಿದ್ಯಾರ್ಥಿಗೆ ಸಿಗುವ ಸಾಧ್ಯತೆ ಇದೆಯೇ? ಹೋಗುವುದರಿಂದ ಅವನ ವೃತ್ತಿಯಲ್ಲಿ ಯಾವ ನಿರ್ದಿಷ್ಟ ಕೆಲಸ ಕಲಿಯುತ್ತಾನೆ? ತಯಾರಿಯ ಭೇಟಿಗಳಿಗೆ ಬರಲು ಒಪ್ಪಿದ್ದಾನೆಯೇ? ಮೂರನೆಯದು ಮುಖ್ಯ. ಬದ್ಧತೆಯನ್ನು ಹಿಂದಿನ ವರ್ಷದ ಹಾಜರಾತಿಯಲ್ಲಿ ಹುಡುಕಬೇಡಿ, ಮುಂದಿನ ಎಂಟು ವಾರಗಳಲ್ಲಿ ನೋಡಿ.

ಬರೀ ‘ಕಷ್ಟದ ವಿದ್ಯಾರ್ಥಿಗಳ’ ಗುಂಪು ಮಾಡುವುದು ಬೇಡ ಎಂಬುದು ನನ್ನ ನಿಲುವು. ಹಾಗೆ ಕಳುಹಿಸಿದ ಗುಂಪಿಗೆ ಹೋಗುವ ಮೊದಲೇ ಒಂದು ಹೆಸರು ಅಂಟುತ್ತದೆ, ಆತಿಥೇಯರು ಅದೇ ಕಣ್ಣಿನಿಂದ ನೋಡುತ್ತಾರೆ. ಮಿಶ್ರ ಗುಂಪು ಒಳ್ಳೆಯದು. ಇಬ್ಬಿಬ್ಬರನ್ನು ಜೋಡಿ ಮಾಡಿ, ಆದರೆ ಒಬ್ಬ ಇನ್ನೊಬ್ಬನನ್ನು ‘ನೋಡಿಕೊಳ್ಳುವ’ ಜೋಡಿ ಬೇಡ. ಒಬ್ಬನಿಗೆ ಭಾಷೆ ಬರುತ್ತದೆ, ಇನ್ನೊಬ್ಬನಿಗೆ ವೆಲ್ಡಿಂಗ್ ಚೆನ್ನಾಗಿ ಬರುತ್ತದೆ ಎಂಬಂಥ ಜೋಡಿ ಇರಲಿ.

ಮೂರನೆಯ ಹೆಜ್ಜೆ: ಅವಧಿ ಗೊತ್ತು ಮಾಡಿ

ವೃತ್ತಿಶಿಕ್ಷಣದ ವಿದ್ಯಾರ್ಥಿಯೊಬ್ಬನ ಅಲ್ಪಾವಧಿ ತರಬೇತಿ ಸಾಮಾನ್ಯವಾಗಿ 10ರಿಂದ 89 ದಿನ. ಕಡಿಮೆ ಅವಕಾಶವಿರುವವರಿಗೆ, ಕಾರಣ ಸಮರ್ಥವಾಗಿದ್ದರೆ, 2 ದಿನಕ್ಕೂ ಇಳಿಸಬಹುದು. 90 ದಿನ ಅಥವಾ ಅದಕ್ಕೂ ಹೆಚ್ಚಾದರೆ ಅದರ ಹೆಸರು ಎರಾಸ್ಮಸ್ ಪ್ರೊ, ಅದು ಒಂದು ವರ್ಷದವರೆಗೂ ಹೋಗುತ್ತದೆ. ಶಿಕ್ಷಕರ ಜೊತೆ ಗುಂಪಾಗಿ ಹೋಗಿ ಪಾಲುದಾರ ಶಾಲೆಯ ವಿದ್ಯಾರ್ಥಿಗಳೊಡನೆ ಕಲಿಯುವ ಗುಂಪು ವಿನಿಮಯ 2ರಿಂದ 30 ದಿನ.

ಮನೆ ಬಿಟ್ಟು ಒಂದು ರಾತ್ರಿಯೂ ಇರದವರಿಗೆ ನೇರವಾಗಿ ಎರಡು ತಿಂಗಳು ಹೇಳಬೇಡಿ. ಹಾಗೆಂದು ಎಲ್ಲರಿಗೂ ಐದು ದಿನ ಎಂದು ಕತ್ತರಿಸುವುದೂ ತಪ್ಪು. ಐದು ದಿನದಲ್ಲಿ ಊರು ನೋಡಬಹುದು, ಕೆಲಸ ಕಲಿಯಲಾಗದು. ಮೊದಲ ವಾರ ಎಲ್ಲರೂ ಮಂಕಾಗಿರುತ್ತಾರೆ, ಎರಡನೆಯ ವಾರದಲ್ಲಿ ಕೈ ಓಡುತ್ತದೆ, ಮೂರನೆಯ ವಾರದಲ್ಲಿ ಮೇಸ್ತ್ರಿ ಅವರ ಹೆಸರು ಹಿಡಿದು ಕರೆಯುತ್ತಾನೆ. ಒಂದು ವರ್ಷ ಒಂದು ವಾರದ ಗುಂಪು ವಿನಿಮಯ, ಮರುವರ್ಷ ಅದೇ ಊರಿನಲ್ಲಿ ಮೂರು ವಾರದ ತರಬೇತಿ ಎಂಬ ಎರಡು ಮೆಟ್ಟಿಲಿನ ಯೋಜನೆ ಬಹುಮಟ್ಟಿಗೆ ಫಲಿಸುತ್ತದೆ.

ಇನ್ನೊಂದು ಮಾದರಿಯನ್ನೂ ನೋಡಿ. ಶಾಲೆಯಲ್ಲೂ ಇಲ್ಲದ, ಕೆಲಸದಲ್ಲೂ ಇಲ್ಲದ ಯುವಜನರಿಗಾಗಿ ಜರ್ಮನಿಯ ಕಾರ್ಮಿಕ ಸಚಿವಾಲಯ ಐರೋಪ್ಯ ಸಾಮಾಜಿಕ ನಿಧಿಯ ನೆರವಿನಿಂದ ‘ವಿನಿಮಯದ ಮೂಲಕ ಏಕೀಕರಣ’ ಎಂಬ ಅರ್ಥದ ಕಾರ್ಯಕ್ರಮ ನಡೆಸಿತು. ದೀರ್ಘ ತಯಾರಿ, ಎರಡರಿಂದ ಆರು ತಿಂಗಳ ವಿದೇಶವಾಸ, ಆಮೇಲೆ ಕೆಲಸ ಅಥವಾ ಓದು ಸಿಗುವವರೆಗೂ ಬೆನ್ನಿಗೆ ನಿಲ್ಲುವುದು ಎಂಬ ಮೂರು ಹಂತಗಳು ಅದರಲ್ಲಿದ್ದವು. 18ರಿಂದ 29 ವರ್ಷದವರಿಗಾಗಿ ಐರೋಪ್ಯ ಆಯೋಗ 2021ರಲ್ಲಿ ಘೋಷಿಸಿದ ಆಲ್ಮಾ ಯೋಜನೆಯದೂ ಇದೇ ಅಚ್ಚು. ಪ್ರಯಾಣಕ್ಕಿಂತ ಅದರ ಹಿಂದುಮುಂದಿನ ಕೆಲಸ ದೊಡ್ಡದು ಎಂದು ಅವರು ಮೊದಲೇ ಒಪ್ಪಿಕೊಂಡಿದ್ದರು.

ನಾಲ್ಕನೆಯ ಹೆಜ್ಜೆ: ಪಾಲುದಾರರನ್ನು ವರ್ಕ್‌ಶಾಪಿನ ಬಾಗಿಲಿನಿಂದ ನೋಡಿ

ಸಂಸ್ಥೆಯ ಜಾಲತಾಣ ನೋಡಿ ಪಾಲುದಾರರನ್ನು ಆರಿಸಬೇಡಿ. ‘ನಮ್ಮ ಬಡಗಿ ವಿದ್ಯಾರ್ಥಿ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರ ಪಕ್ಕ ನಿಲ್ಲುತ್ತಾನೆ, ಯಾವ ಉಪಕರಣ ಹಿಡಿಯುತ್ತಾನೆ?’ ಎಂದು ಕೇಳಿ. ಸ್ಪಷ್ಟ ಉತ್ತರ ಬಂದರೆ ಮುಂದುವರಿಯಿರಿ. ‘ಅದೆಲ್ಲ ಬಂದ ಮೇಲೆ ನೋಡೋಣ’ ಎಂದರೆ ಆ ವಿದ್ಯಾರ್ಥಿ ಮೂರು ವಾರ ನೆಲ ಗುಡಿಸುತ್ತಾನೆ. ಮಧ್ಯವರ್ತಿ ಸಂಸ್ಥೆಗಳ ಮೂಲಕ ಹೋದರೆ ಈ ಅಪಾಯ ಹೆಚ್ಚು. ಒಮ್ಮೆ ಕೇಶವಿನ್ಯಾಸ ಕಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ಸಿಕ್ಕಿದ್ದು ಹೋಟೆಲಿನ ಹಾಸಿಗೆ ಹೊದಿಕೆ ಮಡಚುವ ಕೆಲಸ. ಅವಳು ದೂರಲಿಲ್ಲ. ದೂರಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ವಿದ್ಯಾರ್ಥಿ ಅಲ್ಲಿ ಏನು ಕಲಿಯುತ್ತಾನೆ ಎಂದು ಬರೆದಿಡುವ ಕಲಿಕಾ ಒಪ್ಪಂದವನ್ನು ಈ ಹಂತದಲ್ಲಿಯೇ ಬರೆಯಲು ಕೂತುಕೊಳ್ಳಿ. ‘ವೃತ್ತಿಪರ ಕೌಶಲ್ಯ ವೃದ್ಧಿ’ ಎಂಬಂಥ ಪೊಳ್ಳು ಮಾತು ಬೇಡ. ‘ಮೂರು ಬಗೆಯ ಮರಗೂಟದ ಜೋಡಣೆ ಸ್ವತಃ ಮಾಡುವುದು’, ‘ಗ್ರಾಹಕರ ಕೂದಲು ತೊಳೆದು ಬಣ್ಣ ಬೆರೆಸುವುದು’ ಎಂದು ಬರೆಯಿರಿ. ವಾಪಸಾದ ಮೇಲೆ ಆ ಕೆಲಸಕ್ಕೆ ನಿಮ್ಮ ಶಾಲೆ ಯಾವ ವಿಷಯದಲ್ಲಿ ಮಾನ್ಯತೆ ಕೊಡುತ್ತದೆ ಎಂಬುದೂ ಅದೇ ಹಾಳೆಯಲ್ಲಿ ಇರಲಿ. ಆ ಸಾಲು ಇಲ್ಲದಿದ್ದರೆ ಮರಳಿದ ವಿದ್ಯಾರ್ಥಿ ತಪ್ಪಿಸಿಕೊಂಡ ಪಾಠಗಳನ್ನು ಒಬ್ಬನೇ ಓದಬೇಕಾಗುತ್ತದೆ, ಮೊದಲೇ ಹಿಂದುಳಿದವನು ಇನ್ನೂ ಹಿಂದೆ ಬೀಳುತ್ತಾನೆ.

18 ತುಂಬದವರಿದ್ದರೆ ಕೆಲಸದ ವೇಳೆ ನೋಡಿ. ಯುವ ಕಾರ್ಮಿಕರ ಕುರಿತ 1994ರ ಐರೋಪ್ಯ ನಿರ್ದೇಶನದ ಪ್ರಕಾರ ಹದಿಹರೆಯದವರ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆ ಮೀರಬಾರದು. ರಾತ್ರಿ ಕೆಲಸಕ್ಕೆ ನಿರ್ಬಂಧವಿದೆ, ವಿನಾಯಿತಿಗಳು ದೇಶದಿಂದ ದೇಶಕ್ಕೆ ಬೇರೆ. ಬೇಕರಿ ಕಲಿಯುವವರ ವಿಷಯದಲ್ಲಿ ಇದು ಪ್ರತಿ ಸಲ ತಲೆನೋವು, ಏಕೆಂದರೆ ಬೇಕರಿಯ ಅಸಲಿ ಕೆಲಸ ಬೆಳಗಿನ ಜಾವಕ್ಕೆ ಮುಗಿದಿರುತ್ತದೆ.

ಆಮೇಲೆ ಪೂರ್ವಸಿದ್ಧತಾ ಭೇಟಿ, ಅಂದರೆ ಗುಂಪು ಹೊರಡುವ ಮೊದಲು ಆತಿಥೇಯರ ಜಾಗವನ್ನು ಹೋಗಿ ನೋಡಿ ಬರುವುದು. ಒಂದು ಭೇಟಿಗೆ ಹೆಚ್ಚೆಂದರೆ ಮೂವರಿಗೆ ಅನುದಾನ ಸಿಗುತ್ತದೆ. ಈ ಭೇಟಿಯಲ್ಲಿ ಕಡಿಮೆ ಅವಕಾಶವಿರುವ ವಿದ್ಯಾರ್ಥಿಯೇ ಹೋಗಬಹುದು ಎಂಬುದು ಹಲವು ಸಂಯೋಜಕರ ಗಮನಕ್ಕೆ ಬಂದಿರುವುದಿಲ್ಲ. ಇಬ್ಬರು ಶಿಕ್ಷಕರು ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ಗಾಲಿಕುರ್ಚಿಯ ವಿದ್ಯಾರ್ಥಿನಿಯನ್ನೇ ಕರೆದೊಯ್ಯಿರಿ. ‘ನಮ್ಮಲ್ಲಿ ಎಲ್ಲ ಅನುಕೂಲವಿದೆ’ ಎಂದು ಇಮೇಲ್ ಬರೆದ ವಸತಿಗೃಹದ ಶೌಚಾಲಯದ ಬಾಗಿಲಿನ ಅಗಲ ಅವಳ ಕುರ್ಚಿಗೆ ಎರಡು ಬೆರಳು ಕಡಿಮೆ ಎಂಬುದು ಹೀಗೆಯೇ ಗೊತ್ತಾಗುವುದು. ಭೇಟಿ ಆಗದಿದ್ದರೆ ಬಾಗಿಲು, ಲಿಫ್ಟು, ಸ್ನಾನಗೃಹದ ಮುಂದೆ ಅಳತೆಪಟ್ಟಿ ಹಿಡಿದು ವಿಡಿಯೊ ಕಳುಹಿಸಲು ಕೇಳಿ. ಸಂಕೋಚ ಬೇಡ.

ಐದನೆಯ ಹೆಜ್ಜೆ: ಕಾಗದಪತ್ರ

ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಹೆಚ್ಚಾಗಿ ಈ ಹಂತದಲ್ಲಿ. ಹೆಸರು ಗೊತ್ತಾದ ವಾರವೇ ಪ್ರತಿಯೊಬ್ಬರ ಗುರುತಿನ ದಾಖಲೆಯ ಅವಧಿ ಯಾವಾಗ ಮುಗಿಯುತ್ತದೆ ಎಂದು ಕಣ್ಣಾರೆ ನೋಡಿ. ‘ಇದೆ ಸರ್’ ಎಂಬ ಉತ್ತರವನ್ನು ನಂಬಬೇಡಿ.

ನಿರಾಶ್ರಿತ ಮತ್ತು ವಲಸಿಗ ವಿದ್ಯಾರ್ಥಿಗಳ ವಿಷಯ ಬಿಡಿಸಿ ಹೇಳಬೇಕು. ಷೆಂಗೆನ್ ಎಂದರೆ ತಮ್ಮ ನಡುವಿನ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ವಲಯ. ಆ ವಲಯದ ದೇಶವೊಂದು ಕೊಟ್ಟ ವಾಸದ ಪರವಾನಗಿ ಮತ್ತು ಸಿಂಧುವಾದ ಪ್ರಯಾಣ ದಾಖಲೆ ಇರುವವರು ಬೇರೆ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ವೀಸಾ ಇಲ್ಲದೆ ಇರಬಹುದು. ಅಲ್ಲಿ ತರಬೇತಿಯ ಹೆಸರಿನಲ್ಲಿ ಕೆಲಸ ಮಾಡಲು ಬೇರೆ ಅನುಮತಿ ಬೇಕೇ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು, ಅದನ್ನು ಆತಿಥೇಯರಿಂದ ಲಿಖಿತವಾಗಿ ತರಿಸಿಕೊಳ್ಳಿ. ನಿರಾಶ್ರಿತನೆಂದು ಮಾನ್ಯತೆ ಪಡೆದವನಿಗೆ 1951ರ ಜಿನೀವಾ ಒಡಂಬಡಿಕೆಯ 28ನೆಯ ವಿಧಿಯ ಪ್ರಕಾರ ಪ್ರಯಾಣ ದಾಖಲೆ ಸಿಗುತ್ತದೆ. ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗದವನ ಸ್ಥಿತಿ ಬೇರೆ: ಗಡಿ ದಾಟಿದರೆ ಅವನ ಅರ್ಜಿಗೇ ಕುತ್ತು ಬರಬಹುದು. ವಕೀಲರನ್ನು ಕೇಳದೆ ಅವನಿಗೆ ಆಸೆ ಹುಟ್ಟಿಸಬೇಡಿ. ಐರ್ಲೆಂಡ್ ಮತ್ತು ಸೈಪ್ರಸ್ ಐರೋಪ್ಯ ಒಕ್ಕೂಟದಲ್ಲಿದ್ದರೂ ಷೆಂಗೆನ್ ವಲಯದಲ್ಲಿಲ್ಲ. ಇಂಗ್ಲಿಷ್ ಕಲಿಯಲು ಐರ್ಲೆಂಡೇ ಒಳ್ಳೆಯದೆಂದು ಎಲ್ಲರನ್ನೂ ಅಲ್ಲಿಗೆ ಕಳುಹಿಸುವ ಯೋಜನೆ ಮಾಡಿದರೆ ಗುಂಪಿನ ಒಂದಿಬ್ಬರು ವೀಸಾ ಸಿಗದೆ ಉಳಿದುಬಿಡುತ್ತಾರೆ. ದೇಶದ ಆಯ್ಕೆಯೂ ಹೋಗಲು ಕಷ್ಟವಿರುವವನಿಂದ ಶುರುವಾಗಬೇಕು ಎಂದದ್ದು ಇದಕ್ಕೆ.

ಔಷಧಿಗಳು. ಗಮನದ ಕೊರತೆಗೆ ಕೊಡುವ ಮೀಥೈಲ್‌ಫೆನಿಡೇಟ್‌ನಂಥ ನಿಯಂತ್ರಿತ ಔಷಧಿಯನ್ನು ಷೆಂಗೆನ್ ದೇಶಗಳ ನಡುವೆ ಒಯ್ಯಲು ವೈದ್ಯರು ಬರೆದು, ಅಧಿಕೃತ ಪ್ರಾಧಿಕಾರ ದೃಢೀಕರಿಸಿದ ಪ್ರಮಾಣಪತ್ರ ಬೇಕು. ಅದು 30 ದಿನಕ್ಕೆ ಸಿಂಧು, ಪ್ರತಿ ಔಷಧಿಗೂ ಬೇರೆ ಪತ್ರ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ವಸತಿಯಲ್ಲಿ ಫ್ರಿಜ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ವಿಮಾನದಲ್ಲಿ ನೆರವು ಬೇಕಾದವರಿಗೆ ಐರೋಪ್ಯ ನಿಯಮದ ಪ್ರಕಾರ ಅದು ಉಚಿತ, ಆದರೆ ಹೊರಡುವ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು. ವಿದ್ಯುತ್ ಗಾಲಿಕುರ್ಚಿಯಾದರೆ ಬ್ಯಾಟರಿಯ ಬಗೆಯನ್ನೂ ಹೇಳಿ. ವಿಮೆಯಲ್ಲಿ ಪ್ರಯಾಣ, ಅಪಘಾತ, ಕಾಯಿಲೆ ಇವುಗಳ ಜೊತೆಗೆ ವರ್ಕ್‌ಶಾಪಿನಲ್ಲಿ ಇನ್ನೊಬ್ಬರಿಗೆ ಅಥವಾ ಯಂತ್ರಕ್ಕೆ ಆಗುವ ಹಾನಿಯೂ ಸೇರಿರಬೇಕು. ಐರೋಪ್ಯ ಆರೋಗ್ಯ ವಿಮಾ ಕಾರ್ಡ್ ಇದ್ದರೂ ರೋಗಿಯನ್ನು ಊರಿಗೆ ಮರಳಿ ತರುವ ವೆಚ್ಚ ಅದರಲ್ಲಿ ಬರುವುದಿಲ್ಲ.

ಆರನೆಯ ಹೆಜ್ಜೆ: ಹಣ ಮೊದಲು, ರಸೀತಿ ಆಮೇಲೆ

‘ನೀವು ಟಿಕೆಟ್ ಕೊಂಡುಕೊಳ್ಳಿ, ವಾಪಸ್ ಬಂದ ಮೇಲೆ ಕೊಡುತ್ತೇವೆ.’ ಬಡ ವಿದ್ಯಾರ್ಥಿಯನ್ನು ಹೊರಗಿಡಲು ಇಷ್ಟು ಸಾಕು. ಟಿಕೆಟ್, ವಸತಿ, ಸ್ಥಳೀಯ ಬಸ್ ಪಾಸ್ ಎಲ್ಲವನ್ನೂ ಶಾಲೆಯೇ ನೇರವಾಗಿ ಕೊಳ್ಳಲಿ. ಊಟದ ಹಣ ಹೊರಡುವ ಮೊದಲೇ ಕೈಸೇರಲಿ, ಒಟ್ಟಿಗೆ ಕೊಡದೆ ವಾರವಾರ ಕೊಡಿ. ಮೊದಲ ಬಾರಿಗೆ ಅಷ್ಟು ಹಣ ಕಂಡವನು ಅದರಲ್ಲಿ ಅರ್ಧವನ್ನು ಮನೆಗೆ ಕಳುಹಿಸಿ ಬ್ರೆಡ್ ತಿಂದು ದಿನ ದೂಡಿದ ಪ್ರಸಂಗ ನಾನು ಕಂಡದ್ದು. ಅವನನ್ನು ಬೈಯುವಂತೆಯೂ ಇರಲಿಲ್ಲ.

ದಿನಭತ್ಯೆಯ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ದರ ಆತಿಥೇಯ ದೇಶವನ್ನು ಅವಲಂಬಿಸುತ್ತದೆ, ಮತ್ತು ಹದಿನೈದನೆಯ ದಿನದಿಂದ ಮೂಲ ದರದ ಶೇ 70ಕ್ಕೆ ಇಳಿಯುತ್ತದೆ. ಮೂರು ವಾರದ ವಸತಿಯನ್ನು ಮೊದಲ ವಾರದ ಲೆಕ್ಕದಲ್ಲಿ ಗೊತ್ತು ಮಾಡಿದರೆ ಕೊನೆಯ ವಾರದ ಊಟಕ್ಕೆ ಕತ್ತರಿ ಬೀಳುತ್ತದೆ.

ಇದರ ಮೇಲೆ ‘ಒಳಗೊಳ್ಳುವಿಕೆಯ ನೆರವು’ ಎಂಬ ಪ್ರತ್ಯೇಕ ಬಾಬ್ತು ಇದೆ. ಅದರಲ್ಲಿ ಎರಡು ಭಾಗ: ಸಂಸ್ಥೆಗೆ ಪ್ರತಿ ವಿದ್ಯಾರ್ಥಿಗೆ ಇಷ್ಟೆಂದು ನಿಗದಿತ ಮೊತ್ತ, ವಿದ್ಯಾರ್ಥಿಗೆ ಮತ್ತು ಅವರ ಜೊತೆಗಾರರಿಗೆ ಹೆಚ್ಚುವರಿಯಾಗಿ ತಗಲುವ ನಿಜವಾದ ವೆಚ್ಚದ ಶೇ 100. ಕೈಸನ್ನೆ ಭಾಷಾಂತರಕಾರರು, ಆರೈಕೆ ಮಾಡುವವರು, ಹೊಂದಿಸಿದ ವಾಹನ ಇಂಥವು ಎರಡನೆಯ ಭಾಗಕ್ಕೆ ಬರುತ್ತವೆ. ಹಲವು ಶಾಲೆಗಳು ಇದನ್ನು ಕೇಳುವುದೇ ಇಲ್ಲ, ಕೇಳಿದರೆ ಅರ್ಜಿ ತಿರಸ್ಕಾರವಾದೀತು ಎಂಬ ಹೆದರಿಕೆ. ಅಗತ್ಯ ಏನು, ಅದು ಏಕೆ ಬೇಕು, ಎಷ್ಟಾಗುತ್ತದೆ ಎಂದು ಮೂರು ಸಾಲು ಬರೆದು ನಿಮ್ಮ ದೇಶದಲ್ಲಿ ಎರಾಸ್ಮಸ್ ಪ್ಲಸ್ ನಡೆಸುವ ಕಚೇರಿಯಾದ ರಾಷ್ಟ್ರೀಯ ಏಜೆನ್ಸಿಯನ್ನು ಫೋನಿನಲ್ಲಿ ಕೇಳಿ. ಅವರಿಗೆ ಈ ಬಾಬ್ತು ಖರ್ಚಾಗಬೇಕು.

ಯಾವ ಬಾಬ್ತಿಗೂ ಸೇರದ ಸಣ್ಣ ಖರ್ಚುಗಳಿಗೆ ಶಾಲೆಯಲ್ಲಿಯೇ ಒಂದು ಪುಟ್ಟ ನಿಧಿ ಇರಲಿ. ಸೂಟ್‌ಕೇಸ್, ಚಳಿಯ ಕೋಟು, ಹೊಸ ಬೂಟು, ಪಾಸ್‌ಪೋರ್ಟಿನ ಶುಲ್ಕ. ನಾಲ್ಕೈದು ಸೂಟ್‌ಕೇಸ್ ಕೊಂಡು ಶಾಲೆಯಲ್ಲಿಟ್ಟು ‘ಎಲ್ಲರಿಗೂ ಇಲ್ಲಿಂದಲೇ’ ಎಂದರೆ ಯಾರೂ ಕೈಚಾಚಬೇಕಾಗಿಲ್ಲ. ಕುಟುಂಬಕ್ಕೆ ಸರ್ಕಾರಿ ಸಹಾಯಧನ ಬರುತ್ತಿದ್ದರೆ ಈ ಅನುದಾನವನ್ನು ಆದಾಯವೆಂದು ಎಣಿಸುತ್ತಾರೆಯೇ ಎಂದು ಸಂಬಂಧಪಟ್ಟ ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಹೊಸಬರಿಗೆ ಇನ್ನೊಂದು ಮಾತು: ಎರಾಸ್ಮಸ್ ಪ್ಲಸ್‌ನ ಮಾನ್ಯತೆಯನ್ನು ಇನ್ನೂ ಪಡೆಯದ ಶಾಲೆಗಳು 6ರಿಂದ 18 ತಿಂಗಳ ಅಲ್ಪಾವಧಿ ಯೋಜನೆಯಿಂದ ಶುರು ಮಾಡಬಹುದು, ಅದರಲ್ಲಿ ಹೆಚ್ಚೆಂದರೆ 30 ಮಂದಿ. ಜೊತೆಗಾರರು ಆ ಮೂವತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಒಬ್ಬರನ್ನು ಹೆಚ್ಚಿಗೆ ಕರೆದೊಯ್ಯಲು ಹಿಂಜರಿಯಬೇಡಿ.

ಏಳನೆಯ ಹೆಜ್ಜೆ: ತಯಾರಿ ಎಂದರೆ ರಾತ್ರಿ ಉಳಿಯುವುದು

ದೇಶದ ಇತಿಹಾಸದ ಮೇಲೆ ಎರಡು ಗಂಟೆಯ ಉಪನ್ಯಾಸ ಕೊಟ್ಟು ತಯಾರಿ ಮುಗಿಯಿತು ಎನ್ನಬೇಡಿ. ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಭಾಷೆಗೆ ಎರಾಸ್ಮಸ್ ಪ್ಲಸ್‌ನ ಆನ್‌ಲೈನ್ ಭಾಷಾ ನೆರವು ಇದೆ, ಬಳಸಿ. ಆದರೆ ಓದಿನಲ್ಲಿ ಸೋತವರು ಪರದೆಯ ಮುಂದೆ ಹೆಚ್ಚು ಹೊತ್ತು ಕೂರುವುದಿಲ್ಲ. ಅವರನ್ನು ವರ್ಕ್‌ಶಾಪಿಗೆ ಕರೆದೊಯ್ದು ಉಪಕರಣಗಳಿಗೆ ಆತಿಥೇಯ ಭಾಷೆಯ ಚೀಟಿ ಅಂಟಿಸಿ. ಎಪ್ಪತ್ತು ಎಂಬತ್ತು ಪದ ಸಾಕು. ಇದರ ಜೊತೆಗೆ ನಾಲ್ಕು ವಾಕ್ಯ ನಿದ್ದೆಯಲ್ಲೂ ಬರಬೇಕು: ‘ನಿಲ್ಲಿಸಿ.’ ‘ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ತೋರಿಸಿ.’ ‘ಈ ಕೆಲಸ ನನಗೆ ಸುರಕ್ಷಿತ ಎನಿಸುವುದಿಲ್ಲ.’ ‘ನನ್ನ ಶಿಕ್ಷಕರಿಗೆ ಫೋನ್ ಮಾಡಬೇಕು.’ ಕಿವುಡ ವಿದ್ಯಾರ್ಥಿಗಳ ಬಗ್ಗೆ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ: ಕೈಸನ್ನೆ ಭಾಷೆ ಎಲ್ಲ ದೇಶಕ್ಕೂ ಒಂದೇ ಎಂದು. ಹಾಗಿಲ್ಲ. ಆತಿಥೇಯ ದೇಶದ ಭಾಷಾಂತರಕಾರರು ಸಿಕ್ಕರು ಎಂದು ನೆಮ್ಮದಿಯಿಂದಿದ್ದರೆ ಮೊದಲ ದಿನವೇ ಇಬ್ಬರೂ ಮುಖ ಮುಖ ನೋಡಿಕೊಂಡು ಕೂರುತ್ತಾರೆ. ವಿದ್ಯಾರ್ಥಿಯ ಭಾಷೆ ಬಲ್ಲವರನ್ನು ಊರಿನಿಂದಲೇ ಕರೆದೊಯ್ಯಿರಿ.

ಹೊರಡುವ ಆರು ವಾರ ಮೊದಲು ಇಡೀ ಗುಂಪನ್ನು ನಿಮ್ಮದೇ ದೇಶದ ಬೇರೊಂದು ಊರಿನಲ್ಲಿ ಎರಡು ರಾತ್ರಿ ಇರಿಸಿ. ಅವರೇ ರೈಲಿನ ಟಿಕೆಟ್ ಕೊಳ್ಳಲಿ, ಅವರೇ ಅಡುಗೆ ಮಾಡಲಿ. ಯಾರಿಗೆ ರಾತ್ರಿ ಗಾಬರಿಯಾಗುತ್ತದೆ, ಯಾರು ಔಷಧಿ ಮರೆಯುತ್ತಾರೆ, ಯಾರು ಯಾರೊಡನೆ ಕೋಣೆ ಹಂಚಿಕೊಳ್ಳಲಾರರು ಎಂಬುದು ಈ ಎರಡು ರಾತ್ರಿಯಲ್ಲಿ ತಿಳಿದುಬಿಡುತ್ತದೆ. ಇಡೀ ತಯಾರಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಆಟಿಸಂ ಇರುವವರಿದ್ದರೆ ವಿಮಾನ ನಿಲ್ದಾಣಕ್ಕೂ ಒಮ್ಮೆ ಕರೆದೊಯ್ದು ಸಾಲು, ಸದ್ದು, ತಪಾಸಣೆ ತೋರಿಸಿ.

ತಂದೆತಾಯಿಗಳನ್ನು ಶಾಲೆಗೆ ಕರೆಯುವ ಬದಲು ನೀವೇ ಹೋಗಿ. ಶಾಲೆಯ ಸಭಾಂಗಣದಲ್ಲಿ ಅವರು ತಲೆಯಾಡಿಸಿ ಎದ್ದು ಹೋಗುತ್ತಾರೆ. ತಮ್ಮ ಮನೆಯಲ್ಲಿ ನಿಜವಾದ ಪ್ರಶ್ನೆ ಕೇಳುತ್ತಾರೆ: ರಾತ್ರಿ ಮಗಳು ಎಲ್ಲಿ ಮಲಗುತ್ತಾಳೆ, ಬಾಗಿಲಿಗೆ ಚಿಲಕವಿದೆಯೇ, ಅವಳಿಗೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು. ವಸತಿಯ ಫೋಟೊ, ಜೊತೆಗಾರರ ಮೊಬೈಲ್ ಸಂಖ್ಯೆ ಬರೆದ ಕಾರ್ಡು ಒಯ್ಯಿರಿ.

ಎಂಟನೆಯ ಹೆಜ್ಜೆ: ಅಲ್ಲಿದ್ದಾಗ

ಜೊತೆಗಾರರು ಪ್ರವಾಸಿ ಮಾರ್ಗದರ್ಶಿಗಳಲ್ಲ, ಕಾವಲುಗಾರರೂ ಅಲ್ಲ. ಮೊದಲ ಮೂರು ದಿನ ಬೆಳಿಗ್ಗೆ ಕೆಲಸದ ಜಾಗದವರೆಗೂ ಜೊತೆಯಲ್ಲಿ ಹೋಗಿ, ಆಮೇಲೆ ನಿಧಾನವಾಗಿ ಹಿಂದೆ ಸರಿಯಿರಿ. ಸಂಜೆ ಹದಿನೈದು ನಿಮಿಷ ಎಲ್ಲರೂ ಒಟ್ಟಿಗೆ ಕೂರುವ ಪದ್ಧತಿ ಇರಲಿ. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ. ‘ಇವತ್ತು ಕೈಯಲ್ಲಿ ಏನು ಹಿಡಿದಿದ್ದೆ?’ ಎಂದು ಕೇಳಿ. ದಿನಚರಿ ಬರೆಯಲಾಗದವರು ದಿನಕ್ಕೆ ಮೂರು ಫೋಟೊ ತೆಗೆದು ಒಂದೊಂದು ಸಾಲು ಹೇಳಿ ಧ್ವನಿಮುದ್ರಿಸಲಿ. ಮುಂದೆ ಪ್ರಮಾಣಪತ್ರ ತುಂಬುವಾಗ ಇದೇ ಆಧಾರ.

ಕೆಲಸದ ಜಾಗದಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿ ಹೊಣೆ ಹೊತ್ತಿರಬೇಕು, ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ನಾಲ್ಕನೆಯ ದಿನ ಅವರನ್ನು ಭೇಟಿ ಮಾಡಿ. ಕಲಿಕಾ ಒಪ್ಪಂದದ ಕೆಲಸ ಶುರುವಾಗಿಲ್ಲದಿದ್ದರೆ ಆಗಲೇ ಹೇಳಬೇಕು, ಹತ್ತನೆಯ ದಿನ ಹೇಳಿ ಪ್ರಯೋಜನವಿಲ್ಲ.

ಯಾರಾದರೂ ಮರಳುತ್ತೇನೆ ಎಂದರೆ? ಮೊದಲ ರಾತ್ರಿ ಹಾಗೆ ಹೇಳುವವರು ಹಲವರು. ಎರಡು ರಾತ್ರಿ ಕಾಯಲು ಒಪ್ಪಿಸಿ, ಮನೆಯವರೊಡನೆ ಮಾತನಾಡಿಸಿ, ಕೆಲಸದ ವೇಳೆ ಅರ್ಧ ಮಾಡಿ ನೋಡಿ. ಆಮೇಲೂ ಬೇಡವೆಂದರೆ ಜೊತೆಗೊಬ್ಬರು ಬಂದು ಊರಿಗೆ ಮುಟ್ಟಿಸುವ ವ್ಯವಸ್ಥೆ ಹೊರಡುವ ಮೊದಲೇ ಕಾಗದದ ಮೇಲಿರಬೇಕು. ಐದು ದಿನ ಇದ್ದು ಬಂದವನಿಗೂ ಆ ಐದು ದಿನದ ಕೆಲಸವನ್ನು ಬರೆದುಕೊಡಿ.

ಒಂಬತ್ತನೆಯ ಹೆಜ್ಜೆ: ಮರಳಿದ ಮೇಲೆ

ವಿದೇಶದಲ್ಲಿ ಏನು ಕಲಿತರು ಎಂದು ದಾಖಲಿಸುವ ಯುರೋಪಾಸ್ ಮೊಬಿಲಿಟಿ ಎಂಬ ಪ್ರಮಾಣಪತ್ರವನ್ನು ಎರಡು ವಾರದೊಳಗೆ ವಿದ್ಯಾರ್ಥಿಯ ಪಕ್ಕ ಕೂತು ತುಂಬಿ. ತಾನು ಏನು ಮಾಡಿದೆ ಎಂಬುದಕ್ಕೆ ಅವನ ಬಳಿ ಪದಗಳಿರುವುದಿಲ್ಲ. ‘ಸುಮ್ಮನೆ ಸಹಾಯ ಮಾಡಿದೆ’ ಎನ್ನುತ್ತಾನೆ. ಫೋಟೊಗಳನ್ನು ತೆಗೆದು ಒಂದೊಂದಾಗಿ ಕೇಳಿದರೆ ಹದಿನಾಲ್ಕು ಕೆಲಸಗಳ ಪಟ್ಟಿ ಹೊರಬರುತ್ತದೆ. ಶಾಲೆಯ ಮಾನ್ಯತೆಯ ಸಾಲನ್ನು ಪರೀಕ್ಷಾ ವಿಭಾಗದವರು ಅನ್ವಯಿಸಿದರೇ ಎಂದು ಖುದ್ದು ನೋಡಿ.

ಮರಳಿದ ಮೂರನೆಯ ನಾಲ್ಕನೆಯ ವಾರದಲ್ಲಿ ಮನಸ್ಸು ಕುಗ್ಗುವುದು ಸಾಮಾನ್ಯ. ಅಲ್ಲಿ ಹೆಸರು ಹಿಡಿದು ಕರೆಯುತ್ತಿದ್ದರು, ಇಲ್ಲಿ ಮತ್ತೆ ಹಿಂದಿನ ಬೆಂಚು. ಆ ಹೊತ್ತಿಗೆ ಅವರ ಕೈಗೊಂದು ಕೆಲಸ ಕೊಡಿ: ಪಾಲುದಾರ ಶಾಲೆಯಿಂದ ಬರುವ ವಿದ್ಯಾರ್ಥಿಗಳನ್ನು ನಿಲ್ದಾಣದಿಂದ ಕರೆತರುವುದು, ವರ್ಕ್‌ಶಾಪ್ ತೋರಿಸುವುದು. ಯಾವ ಕಾರಣಕ್ಕೂ ದೇಶ ಬಿಡಲಾಗದವರನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಿ, ಬರುವವರೊಡನೆ ಒಂದೇ ಬೆಂಚಿನ ಮೇಲೆ ಕೆಲಸ ಮಾಡಿದರೆ ಅವರಿಗೂ ವಿನಿಮಯ ಮನೆ ಬಾಗಿಲಿಗೆ ಬಂದಂತೆ.

ಕಡತ ಮುಚ್ಚುವ ಮುನ್ನ ಇನ್ನೊಂದು ಹಾಳೆ ಸೇರಿಸಿ. ಈ ವರ್ಷ ಕರೆದಾಗ ‘ಬೇಡ’ ಎಂದವರು ಯಾರು, ಏಕೆ ಬೇಡ ಎಂದರು ಎಂದು ಅದರಲ್ಲಿ ಬರೆಯಿರಿ, ಅವರ ಅನುಮತಿ ಪಡೆದು. ಮುಂದಿನ ವರ್ಷದ ಮೊದಲ ಹೆಜ್ಜೆಗೆ ಆ ಹಾಳೆಯೇ ಪಟ್ಟಿ.